ಜನಸಂಖ್ಯೆಯಲ್ಲಿ ಚೀನಾವನ್ನು ದಾಟಿದ ಭಾರತದಲ್ಲೇ ಏಷ್ಯಾದ ಅತಿ ಹೆಚ್ಚು ದುಡಿಯುವವರು ಇದ್ದಾರಾ?

ಇಲ್ಲ. 2023ರಲ್ಲಿ ಜನಸಂಖ್ಯೆಯಲ್ಲಿ ನಾವು ಮುಂದೆ ಹೋದೆವು, ನಿಜ. ಆದರೆ ಕಾರ್ಮಿಕ ಬಲದಲ್ಲಿ ಚೀನಾವೇ ಮೊದಲು: 75 ಕೋಟಿಗೂ ಜಾಸ್ತಿ. ನಮ್ಮದು 60 ಕೋಟಿಯ ಆಸುಪಾಸು. ಮೂರನೆಯದು ಇಂಡೋನೇಷ್ಯಾ, ಸುಮಾರು 14 ಕೋಟಿ. ಜಪಾನ್ 7 ಕೋಟಿ ಹತ್ತಿರ.

ಕಾರ್ಮಿಕ ಬಲ ಅಂದರೆ ಕೆಲಸದಲ್ಲಿರುವವರು ಮತ್ತು ಕೆಲಸ ಹುಡುಕುತ್ತಿರುವವರು. ಸುಮ್ನೆ ಓದುತ್ತಿರುವವರು, ಮನೆಗೆಲಸ ಮಾತ್ರ ಮಾಡುವವರು ಇದರಲ್ಲಿ ಬರುವುದಿಲ್ಲ. ಚೀನಾದಲ್ಲಿ 15 ದಾಟಿದ 10 ಹೆಂಗಸರಲ್ಲಿ ಸುಮಾರು 6 ಮಂದಿ ಈ ಲೆಕ್ಕದಲ್ಲಿದ್ದಾರೆ. ನಮ್ಮಲ್ಲಿ ಅಷ್ಟಿಲ್ಲ. ಜೊತೆಗೆ ನಮ್ಮಲ್ಲಿ ಮಕ್ಕಳ ಪಾಲೂ ಹೆಚ್ಚು.

ಇಲ್ಲಿ ನನಗೊಂದು ತಕರಾರಿದೆ. ನಮ್ಮ ರಾಯಚೂರು ಕಡೆ ಹತ್ತಿ ಬಿಡಿಸುವುದು, ಭತ್ತದ ನಾಟಿ ಎಲ್ಲಾ ಹೆಚ್ಚಾಗಿ ಹೆಣ್ಣುಮಕ್ಕಳದ್ದೇ ಕೆಲಸ. ಸ್ವಂತ ಹೊಲದಲ್ಲಿ ಕೂಲಿ ಇಲ್ಲದೆ ದುಡಿದರೂ ನಿಯಮದ ಪ್ರಕಾರ ಅದು ಕೆಲಸವೇ. ಆದರೆ ಸಮೀಕ್ಷೆಯವರು ಕೇಳಿದರೆ "ನಾನೇನ್ ಮಾಡ್ತೀನ್ರೀ, ಮನ್ಯಾಗ ಇರ್ತೀನಿ" ಅಂದುಬಿಡುತ್ತಾರೆ! ಹಾಗಾಗಿ ದೇಶಗಳನ್ನು ಹೋಲಿಸುವಾಗ ಒಟ್ಟು ಸಂಖ್ಯೆಯ ಜೊತೆ ಹೆಂಗಸರ ಪಾಲನ್ನೂ ನೋಡಿ.