ಅಲ್ಕಾಟ್ರಾಜ್ ಜೈಲಿನಿಂದ ಪರಾರಿಯಾದ ಮೂವರು ಕೊನೆಗೂ ಸಿಕ್ಕಿದರಾ?

ಇಲ್ಲ, ಇವತ್ತಿಗೂ ಸಿಕ್ಕಿಲ್ಲ. 1962ರ ಜೂನ್ 11ರ ರಾತ್ರಿ ಫ್ರಾಂಕ್ ಮಾರಿಸ್, ಜೊತೆಗೆ ಜಾನ್ ಮತ್ತು ಕ್ಲಾರೆನ್ಸ್ ಆಂಗ್ಲಿನ್ ಅನ್ನೋ ಅಣ್ಣತಮ್ಮಂದಿರು, ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯಲ್ಲಿರುವ ಆ ಜೈಲಿನ ದ್ವೀಪದಿಂದ ಮಾಯವಾದರು. ಗಾಳಿಕಿಂಡಿಯ ಸುತ್ತ ಗೋಡೆಯನ್ನು ತಿಂಗಳುಗಟ್ಟಲೆ ಕೊರೆದು, ಹಾಸಿಗೆಯಲ್ಲಿ ನಿಜವಾದ ಕೂದಲು ಅಂಟಿಸಿದ ನಕಲಿ ತಲೆಗಳನ್ನು ಮಲಗಿಸಿ, 50ಕ್ಕೂ ಜಾಸ್ತಿ ರೇನ್‌ಕೋಟುಗಳಿಂದ ಮಾಡಿದ ತೆಪ್ಪ, ಲೈಫ್ ಜಾಕೆಟ್ ಹಿಡಿದು ಹೊರಟರು. ಕಾವಲುಗಾರರಿಗೆ ಗೊತ್ತಾಗಿದ್ದು ಬೆಳಿಗ್ಗೆ! ನಾಲ್ಕನೆಯವನು ಆಲನ್ ವೆಸ್ಟ್, ಪಾಪ, ಸಮಯಕ್ಕೆ ತನ್ನ ಸೆಲ್‌ನಿಂದ ಹೊರಬರಲಾಗದೆ ಅಲ್ಲೇ ಉಳಿದ. ಪ್ಲಾನ್ ಏನಿತ್ತು ಅಂತ ಬಾಯಿಬಿಟ್ಟವನೂ ಅವನೇ.

ಆಮೇಲೆ ತೆಪ್ಪ ನಡೆಸುವ ಒಂದು ಹುಟ್ಟು, ಲೈಫ್ ಜಾಕೆಟ್ ಸಿಕ್ಕವು, ಹೆಣ ಸಿಗಲಿಲ್ಲ. ಎಫ್‌ಬಿಐ 1979ರಲ್ಲಿ ಕೇಸ್ ಮುಚ್ಚಿತು, ಪರಾರಿಯಾದವರನ್ನು ಹುಡುಕುವ ಯುಎಸ್ ಮಾರ್ಷಲ್ಸ್ ಇಲಾಖೆ ಮಾತ್ರ ಕೈಬಿಟ್ಟಿಲ್ಲ. ನನಗಂತೂ ಮುಳುಗಿರಬೇಕು ಅನ್ನಿಸುತ್ತದೆ. ಅಷ್ಟು ತಣ್ಣನೆ ನೀರು, ಅಂಥ ಸೆಳೆತ, ಕೈಯಲ್ಲಿ ರೇನ್‌ಕೋಟಿನ ತೆಪ್ಪ, ಕಷ್ಟ ಅಲ್ವಾ?