ಕಾಶಿಕಣಗಿಲೆಗೆ ಬರುವ ‘ಹಮ್ಮಿಂಗ್‌ಬರ್ಡ್’ ಯಾವುದು?

ಪ್ರಶ್ನೆ: ನಮ್ಮ ಕಾಂಪೌಂಡಿನ ಕಾಶಿಕಣಗಿಲೆ ಹೂವಿಗೆ ಸಂಜೆ ಆರೂಕಾಲರ ಸುಮಾರಿಗೆ ಹೆಬ್ಬೆರಳ ತುದಿಯಷ್ಟು ಪುಟ್ಟ ಹಕ್ಕಿಯೊಂದು ಬರುತ್ತದೆ. ಕೂರುವುದೇ ಇಲ್ಲ, ಗಾಳಿಯಲ್ಲೇ ನಿಂತು ಮಕರಂದ ಹೀರುತ್ತದೆ. ಇದು ಹಮ್ಮಿಂಗ್‌ಬರ್ಡೋ, ಸೂರಕ್ಕಿಯೋ?
– ಓದುಗರು, ವಿದ್ಯಾನಗರ, ದಾವಣಗೆರೆ

ಉತ್ತರ: ಎರಡೂ ಅಲ್ಲ. ನೀವು ಹೇಳಿದ ಗಾತ್ರ, ಹೊತ್ತು, ಹೂವು ಮೂರೂ ಹಾಕ್‌ಮಾತ್ ಎಂಬ ಪತಂಗದ ಕಡೆಗೇ ಬೊಟ್ಟು ಮಾಡುತ್ತವೆ. ಹಮ್ಮಿಂಗ್‌ಬರ್ಡ್‌ಗಳು ಅಮೆರಿಕ ಖಂಡಗಳಲ್ಲಷ್ಟೇ ಇರುವ ಹಕ್ಕಿಗಳು, ದಾವಣಗೆರೆಯಲ್ಲಿ ಕಾಣಸಿಗುವುದಿಲ್ಲ.

ಸೂರಕ್ಕಿ ಸುಮಾರು 10 ಸೆಂ.ಮೀ. ಉದ್ದ, 7ರಿಂದ 10 ಗ್ರಾಂ ತೂಕದ ಹಕ್ಕಿ. ಅದೂ ಕ್ಷಣಕಾಲ ಗಾಳಿಯಲ್ಲಿ ನಿಲ್ಲಬಲ್ಲದು, ಆದರೆ ಬೇಗ ದಣಿಯುತ್ತದೆ. ಹಾಗಾಗಿ ರೆಂಬೆ ಹಿಡಿದು ಕೂತೇ ಕೊಕ್ಕು ಚಾಚುತ್ತದೆ. ದಾಸವಾಳದಂಥ ಹೂವಾದರೆ ಬುಡವನ್ನೇ ಚುಚ್ಚಿ ಮಕರಂದ ಕದಿಯುವುದೂ ಉಂಟು. ಕತ್ತಲಾಗುವ ಮುಂಚೆ ಗೂಡೋ ಕೊಂಬೆಯೋ ಸೇರಿಬಿಡುತ್ತದೆ.

ಪತಂಗದ ಕಥೆಯೇ ಬೇರೆ. ಕಾಶಿಕಣಗಿಲೆಯ ಹೂಗೊಳವೆ ಎರಡೂವರೆ ಸೆಂ.ಮೀ. ಉದ್ದ, ಬಹಳ ಸಪೂರ. ಅದರೊಳಗೆ ಇಳಿಯುವುದು ಕೂದಲಿನಂಥ ಸೊಂಡಿಲು ಮಾತ್ರ. ಹಕ್ಕಿಯ ಬಾಲದಂತೆ ಕಾಣುವುದು ಹೊಟ್ಟೆಯ ತುದಿಯ ಹುರುಪೆಗಳ ಕುಚ್ಚು. ರೆಕ್ಕೆ ಸೆಕೆಂಡಿಗೆ 70ಕ್ಕೂ ಹೆಚ್ಚು ಸಲ ಬಡಿಯುವುದರಿಂದ ಕಣ್ಣಿಗೆ ಹೊಗೆಯಂತೆ ಕಾಣುತ್ತದೆ. ಹಾರುವ ಮುನ್ನ ಗೋಡೆಯ ಮೇಲೆ ಕೂತು ಗಡಗಡ ನಡುಗುವುದನ್ನು ಕಂಡರೆ ಗಾಬರಿಯಾಗಬೇಡಿ, ಸ್ನಾಯುಗಳನ್ನು ಬಿಸಿ ಮಾಡಿಕೊಳ್ಳುತ್ತಿರುತ್ತದೆ.

ಖಾತ್ರಿ ಮಾಡಿಕೊಳ್ಳಲು ಮೊಬೈಲಿನ ಸ್ಲೋ ಮೋಷನ್‌ನಲ್ಲಿ, ಬೆಳಕು ಪೂರ್ತಿ ಇಳಿಯುವ ಮೊದಲೇ ಚಿತ್ರೀಕರಿಸಿ. ತಲೆಯ ಮೇಲೆ ಎರಡು ಮೀಸೆ ಕಂಡರೆ ಪತಂಗವೇ ಸರಿ. ಒಂದು ಹೂವಿನಿಂದ ಇನ್ನೊಂದಕ್ಕೆ ದೂರ ಸಾಗುವಾಗ ಸೊಂಡಿಲು ಗಡಿಯಾರದ ಸ್ಪ್ರಿಂಗಿನಂತೆ ಸುರುಳಿಯಾಗುತ್ತದೆ. ಕೊಕ್ಕು ಸುತ್ತಿಕೊಳ್ಳುವುದುಂಟೇ!

ಒಂದು ಕಳಕಳಿಯ ಮಾತು. ನೋನಿ, ಗಾರ್ಡೇನಿಯಾ ಗಿಡಗಳಲ್ಲಿ ಹಿಂಬದಿಗೆ ಮುಳ್ಳಿನಂಥ ಒಂದೇ ಕೊಂಬಿರುವ ಹುಳು ಸಿಕ್ಕರೆ ಕೀಟನಾಶಕ ಹೊಡೆಯಬೇಡಿ. ಅದು ಇಂಥ ಪತಂಗದ ಮರಿ. ಆ ಕೊಂಬು ಚುಚ್ಚುವುದಿಲ್ಲ. ಹೆಚ್ಚಾಗಿದ್ದರೆ ಕೈಯಲ್ಲೇ ಎತ್ತಿ ಬೇರೆ ಕೊಂಬೆಗೆ ಬಿಟ್ಟರೆ ಸಾಕು. ಇವು ಕೋಶವಾಗುವುದು ಬುಡದ ತರಗೆಲೆಯ ನಡುವೆ ಅಥವಾ ಮೇಲ್ಮಣ್ಣಿನಲ್ಲಿ. ದಿನಾ ಗುಡಿಸಿ ಸುಟ್ಟರೆ ಕೋಶವೂ ಸುಡುತ್ತದೆ. ವಿಷ ಹೊಡೆದರೆ ಸೂರಕ್ಕಿಗೂ ಪೆಟ್ಟು: ಹೂವಿನ ರಸ ಕುಡಿಯುವ ಆ ಹಕ್ಕಿಯೂ ಮರಿಗಳಿಗೆ ಉಣಿಸುವುದು ಜೇಡ, ಸಣ್ಣ ಹುಳುಗಳನ್ನೇ.