ಪ್ರಿನ್ಸ್ ತಮ್ಮ ಆಲ್ಬಂ ಅನ್ನು ಪತ್ರಿಕೆ ಜೊತೆ ಪುಕ್ಕಟೆ ಹಂಚಿದ್ದು ಯಾಕೆ?

ಪುಕ್ಕಟೆ ಸಿಕ್ಕಿದ್ದು ಓದುಗರಿಗೆ. ಅಮೆರಿಕದ ಗಾಯಕ ಪ್ರಿನ್ಸ್‌ಗೆ ಪತ್ರಿಕೆಯೇ ದುಡ್ಡು ಕೊಟ್ಟಿತ್ತು. 2007ರ ಜುಲೈನಲ್ಲಿ ಬ್ರಿಟನ್ನಿನ ‘ದಿ ಮೇಲ್ ಆನ್ ಸಂಡೇ’ ಅವರ ಹೊಸ ಆಲ್ಬಂ ‘ಪ್ಲಾನೆಟ್ ಅರ್ತ್’ ಸಿ.ಡಿ.ಯನ್ನು ಸಂಚಿಕೆ ಜೊತೆ ಹಂಚಿತು, ಸುಮಾರು 30 ಲಕ್ಷ ಪ್ರತಿ! ಪತ್ರಿಕೆಗೆ ಮಾರಾಟ ಬೇಕಿತ್ತು. ಪ್ರಿನ್ಸ್‌ಗೆ ಪ್ರಚಾರ ಬೇಕಿತ್ತು, ಯಾಕಂದ್ರೆ ಮುಂದಿನ ತಿಂಗಳಿಂದಲೇ ಲಂಡನ್ನಿನ ಓ2 ಅರೀನಾದಲ್ಲಿ ಅವರ 21 ರಾತ್ರಿಗಳ ಕಾರ್ಯಕ್ರಮ. ಆಗ ಡೌನ್‌ಲೋಡ್ ಹಾವಳಿಗೆ ಸಿ.ಡಿ. ವ್ಯಾಪಾರ ಕುಸಿಯುತ್ತಿತ್ತು. ಹಾಡನ್ನು ಯಾರು ಬೇಕಾದರೂ ನಕಲು ಮಾಡಬಹುದು, ಎದುರಿಗೆ ಕೂತು ಕೇಳುವ ಕಛೇರಿಯನ್ನು ನಕಲು ಮಾಡಲು ಆಗಲ್ಲ ಅಲ್ವಾ? ಅಸಲಿ ಸಂಪಾದನೆ ಟಿಕೆಟ್‌ನಲ್ಲೇ ಇತ್ತು.

ಪುಕ್ಕಟೆ ಹಂಚಿಕೆಯಿಂದಾಗಿ, ಆಲ್ಬಂ ಮಾರಬೇಕಿದ್ದ ಸೋನಿ ಬಿಎಂಜಿ ಕಂಪನಿ ಬ್ರಿಟನ್ನಿನ ಅಂಗಡಿಗಳಿಗೆ ಆ ಸಿ.ಡಿ. ಕೊಡುವುದನ್ನೇ ಕೈಬಿಟ್ಟಿತು. ಅಂಗಡಿಯವರು ಕೆರಳಿದರು. ತಮಾಷೆ ಅಂದ್ರೆ, ಮೊದಲು ಬೈದ, ಸಿ.ಡಿ. ಮಾರುವ ಎಚ್‌ಎಂವಿ ಮಳಿಗೆಗಳೇ ಆವತ್ತು ಆ ಪತ್ರಿಕೆ ಇಟ್ಟು ಮಾರಿದವು.